ಎಂಬತ್ತು ಗಂಟೆಯ ಹಾಳೆ

ಮುಯೀನನ ಊಟ ಅಂದರೆ ರೋಗಿಗಳಿಗೆಂದು ವಾರ್ಡಿನಲ್ಲಿ ಇಟ್ಟ ಉಪ್ಪು ಬಿಸ್ಕತ್ತು. ಅದನ್ನೂ ನಿಂತೇ ತಿನ್ನಬೇಕು. ಕೂತರೆ ನಿದ್ದೆ ಎಳೆಯುತ್ತದೆ. ಮೊನ್ನೆ ಮನೆಗೆ ಹೋಗುವಾಗ ಸ್ಟೇರಿಂಗ್ ಮೇಲೇ ತೂಕಡಿಸಿ, ಮನೆ ಕಡೆ ತಿರುಗುವ ನೋವೈ ಊರಿನ ಎಕ್ಸಿಟ್ ದಾಟಿದ್ದೂ ಗೊತ್ತಾಗಿರಲಿಲ್ಲ. ಬದುಕಿದ್ದೇ ಹೆಚ್ಚು.

ವಿಜಾಪುರದಲ್ಲಿ ಎಂ.ಎಸ್. ಮಾಡಿ, ನೂರಾರು ಹೊಟ್ಟೆ ಕೊಯ್ದು ಹೊಲಿದ ಕೈ ಅವನದು. ಡೆಟ್ರಾಯಿಟ್‌ನ ಈ ಆಸ್ಪತ್ರೆಯಲ್ಲಿ ಆ ಕೈಗೆ ಸಿಕ್ಕಿದ್ದು ಡ್ರೆಸ್ಸಿಂಗ್ ಬದಲಿಸುವ ಕೆಲಸ. ಸರ್ಜರಿ ಕಲಿಯುವವರಲ್ಲಿ ಇಲ್ಲಿ ಎರಡು ಜಾತಿ. ಪರ್ಮನೆಂಟ್‌ನವರು ಐದು ವರ್ಷ ಕಲಿತು ಸರ್ಜನ್ ಆಗಿ ಹೊರಬರುತ್ತಾರೆ. ಟೆಂಪರರಿಯವರು ಒಂದು ವರ್ಷ ಕತ್ತೆ ಚಾಕರಿ ಮಾಡಿ ಜೂನ್ ಮೂವತ್ತಕ್ಕೆ ಜಾಗ ಖಾಲಿ ಮಾಡುತ್ತಾರೆ. ಕೈಕಾಲು ಹಿಡಿದರೆ ಇನ್ನೊಂದು ವರ್ಷ. ಮುಯೀನನದು ಇದು ಮೂರನೆಯದು. ಎರಡರಲ್ಲೊಂದು ಜಾಗವಿಲ್ಲದಿದ್ದರೆ ವೀಸಾ ಇಲ್ಲ.

೨೦೦೪ರ ಮಾರ್ಚ್‌ನಲ್ಲಿ ಪರ್ಮನೆಂಟ್‌ನವನೊಬ್ಬ ಬಿಟ್ಟುಹೋಗಿ ಒಂದು ಸೀಟು ಖಾಲಿಯಾಯಿತು. ವಿಭಾಗದ ಮುಖ್ಯಸ್ಥ ಜಯಸಿಂಹ ಮೈಸೂರಿನವರು. ಮುಯೀನನನ್ನು ಕರೆದು ಭುಜ ತಟ್ಟಿದರು.

“ಈ ಸಲ ನಿನ್ನ ಹೆಸರೇ ಕಣಯ್ಯಾ. ಕಮಿಟಿಗೆ ನಾನು ಹೇಳ್ತೀನಿ. ಒಂದು ಸಣ್ಣ ಕೆಲ್ಸ ಮಾಡ್ಕೊಡು.”

ವಾರಕ್ಕೆ ಎಂಬತ್ತು ಗಂಟೆ ಮೀರಿ ದುಡಿಸಬಾರದೆಂದು ಹೋದ ಜುಲೈನಲ್ಲಿ ಹೊಸ ನಿಯಮ ಬಂದಿತ್ತು. ದುಡಿಮೆ ಮಾತ್ರ ನೂರಹತ್ತು ಗಂಟೆಯಿಂದ ಕೆಳಗಿಳಿದಿರಲಿಲ್ಲ. ಈಗ ತರಬೇತಿಗೆ ಮಾನ್ಯತೆ ಕೊಡುವ ಸಂಸ್ಥೆಯಿಂದ ತಪಾಸಣೆಯವರು ಬರುವವರಿದ್ದರು. ಮುಯೀನ್ ಸೇರಿ ಎಂಟು ಜನ ಟೆಂಪರರಿಗಳು ದುಡಿದ ಗಂಟೆಗಳ ಹಾಳೆಗಳನ್ನು ಹೊಸದಾಗಿ, ಎಂಬತ್ತರೊಳಗೆ ಬರೆಸಬೇಕು. ಸಣ್ಣ ಕೆಲಸ ಅಂದರೆ ಇದು.

ಅವರಲ್ಲಿ ಆ ವರ್ಷವಷ್ಟೇ ಸೇರಿದ್ದ ಬೆಂಗಳೂರಿನ ಸುಹಾಸಿನಿ ಸಹಿ ಹಾಕದೆ ಪೆನ್ನು ಹಿಡಿದು ಕೂತುಬಿಟ್ಟಳು.

“ಇದು ಸುಳ್ಳಲ್ವಾ ಮುಯೀನ್ ಭಾಯ್? ಮೊನ್ನೆ ಮೂವತ್ತಾರು ಗಂಟೆ ಮನೆಗೇ ಹೋಗಿಲ್ಲ ನಾನು.”

“ಹಾಕವಾ ತಂಗಿ. ಇವತ್ತ ನನ್ ಸೀಟ್ ಆದ್ರ, ನಾಳಿ ನಿಮ್ಮದೂ ಆಗ್ತೈತಿ.”

ಥೂ, ಅವನ ಬಾಯಲ್ಲಿ ಆ ಮಾತು ಬರಬಾರದಿತ್ತು. ಬಂತು. ಎಲ್ಲರೂ ಸಹಿ ಹಾಕಿದರು.

ತಪಾಸಣೆಯವರು ಬಂದರು, ಹಾಳೆ ನೋಡಿದರು, ಹೋದರು. ಎರಡು ವಾರ ಬಿಟ್ಟು ಜಯಸಿಂಹ ಮತ್ತೆ ಕರೆದರು.

“ಸೀಟೇ ಕ್ಯಾನ್ಸಲ್ ಆಯ್ತಪ್ಪ. ಆಡಳಿತದವರು ನಿಮ್ಮ ಹಾಳೆ ನೋಡಿದ್ರು. ಎಂಬತ್ತು ಗಂಟೇಲೇ ಕೆಲ್ಸ ಎಲ್ಲಾ ಮುಗೀತಿದ್ಯಲ್ಲ, ಇನ್ನೊಬ್ಬ ಪರ್ಮನೆಂಟ್ ಯಾಕೆ ಅಂದ್ಬಿಟ್ರು. ಇನ್ನೊಂದು ವರ್ಷ ಟೆಂಪರರಿ ಕೊಡಿಸ್ತೀನಿ ಬಿಡು.”

“ನೀವಽ ಬರಸಿದ್ರೆಲ್ರಿ ಸರ್?”

“ಸಹಿ ನಂದಲ್ವಲ್ಲಯ್ಯಾ.”

ಮುಯೀನ್ ಬಾಗಿಲು ಧಡಾರನೆ ಎಳೆದುಕೊಂಡು ಹೊರಬಿದ್ದ. ನೆಟ್ಟಗೆ ವಾರ್ಡಿನ ಹಿಂದಿನ ಕೋಣೆಗೆ ಹೋದ. ಉಳಿದ ಏಳೂ ಜನ ಅಲ್ಲಿದ್ದರು. ತನ್ನ ತಪ್ಪನ್ನೂ ಮುಚ್ಚಿಡದೆ ಎಲ್ಲ ಹೇಳಿದ.

“ನಿಮ್ಮನ್ನ ನಂಬಿ ಹಾಕಿದ್ವಲ್ಲ!” ಸುಹಾಸಿನಿ ರೇಗಿದಳು. ಆಮೇಲೆ ಅವಳೇ ಲಾಕರ್ ತೆಗೆದು ಮಡಿಚಿದ ಕಾಗದಗಳ ಕಂತೆ ಮೇಜಿನ ಮೇಲೆ ಹಾಕಿದಳು. ದಿನದಿನದ ರೋಗಿಗಳ ಪಟ್ಟಿ. ಮೂಲೆಯಲ್ಲಿ ಬಂದ ಹೊತ್ತು, ಬಿಟ್ಟ ಹೊತ್ತು. ಹಾಗೆ ಗುರುತು ಹಾಕಿಕೊಳ್ಳುವುದು ಎಲ್ಲರ ರೂಢಿ. ಒಬ್ಬೊಬ್ಬರೇ ತಮ್ಮ ಕಂತೆ ತಂದರು. ವಾರವಾರದ ಗಂಟೆ ಕೂಡಿಸುತ್ತಾ ಹೋದರು. ನೂರಹತ್ತು. ನೂರಹನ್ನೆರಡು. ಒಬ್ಬಳದು ನೂರಿಪ್ಪತ್ತು.

ಶುಕ್ರವಾರ ಮಧ್ಯಾಹ್ನ ಮುಯೀನ್ ಆ ನಿಜ ಲೆಕ್ಕದ ಹಾಳೆಗಳನ್ನು ಜಯಸಿಂಹರ ಮೇಜಿನ ಮೇಲಿಟ್ಟ. ಓದುತ್ತಲೇ ಅವರು ಕುರ್ಚಿಯಿಂದ ಎದ್ದರು.

“ತಲೆ ಕೆಟ್ಟಿದ್ಯೇನಯ್ಯಾ? ಇದು ಹೊರಗೆ ಹೋದ್ರೆ ಟ್ರೈನಿಂಗ್ ಪ್ರೋಗ್ರಾಮೇ ಮುಚ್ಚಿಸ್ತಾರೆ. ನಿನ್ನ ಟೆಂಪರರಿನೂ ಹೋಗುತ್ತೆ, ವೀಸಾನೂ ಹೋಗುತ್ತೆ!”

“ಗೊತ್ತೈತ್ರಿ.”

“ಮಿಕ್ಕವರ ಗತಿ?”

“ಅವರನ್ನಽ ಕೇಳ್ರಿ. ಬಾಗಿಲ ಹೊರಗ ನಿಂತಾರ.”

ಜಯಸಿಂಹ ಹಾಳೆಗಳನ್ನು ಪರಪರ ಹರಿದು ಬುಟ್ಟಿಗೆ ಎಸೆದರು.

“ಅವು ಝೆರಾಕ್ಸ್ ಸರ್. ಅಸಲಿ ಮುಂಜಾನೆನಽ ತಪಾಸಣೆಯವರಿಗೆ ಪೋಸ್ಟ್ ಆಗ್ಯಾವ. ಎಂಟೂ ಮಂದಿ ಸಹಿ ಹಾಕೇವಿ.”