ಹಾಕದೆ ಉಳಿದ ಸಹಿ

ವಕೀಲ ಕರ್ಟ್ ಹಾಗ್ಲಂಡ್ ಆ ಹಳೆಯ ಕರಾರಿನ ಕಾಗದವನ್ನು ಎರಡು ಸಲ ಓದಿದ. ಮೂರನೆಯ ಸಲ ಓದುವಾಗ ಅವನ ತುಟಿ ಅಲ್ಲಾಡುತ್ತಿತ್ತು. ಎದುರಿಗೆ ಕೂತಿದ್ದ ಜೋಲೀನ್ ರುಸ್ಟಾಡ್ ಆ ತುಟಿಗಳನ್ನೇ ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷ ಕಿವಿ ಕೇಳದವರಿಗೆ ಯಂತ್ರ ಕೂಡಿಸುತ್ತ ಕಳೆದವಳಿಗೆ ತುಟಿ ಓದುವುದು ತಾನಾಗಿ ಬಂದುಬಿಟ್ಟಿತ್ತು. ಕೆಲಸ ಬಿಟ್ಟ ಮೇಲೆ ಎರಡು ವರ್ಷ. ಐವತ್ತು ಮೈಲಿ. ಅದೇ ಕಸುಬು ಮಾಡಕೂಡದು, ಸಂಬಳಕ್ಕೂ ಇಲ್ಲ, ಪುಕ್ಕಟೆಯಾಗಿಯೂ ಇಲ್ಲ.

ಹೊರಗೆ ಅಕ್ಟೋಬರ್ ತಿಂಗಳ ಮೂರ್‌ಹೆಡ್, ಮಿನೆಸೋಟ ರಾಜ್ಯದ ಗಡಿಯ ಊರು. ಸಕ್ಕರೆ ಕಾರ್ಖಾನೆಯಲ್ಲಿ ಬೀಟ್ ಗೆಡ್ಡೆ ಬೇಯುವ ಮಣ್ಣುವಾಸನೆ ಮುಚ್ಚಿದ ಕಿಟಕಿಯಿಂದಲೂ ಒಳಗೆ ಬರುತ್ತಿತ್ತು. ಸೆಪ್ಟೆಂಬರಿನಲ್ಲಿ ಜೋಲೀನ್ ಈ ಊರಿನ ಶ್ರವಣಯಂತ್ರದ ಕಂಪನಿ ಬಿಟ್ಟು, ನದಿಯಾಚೆ ಫಾರ್ಗೋದಲ್ಲಿ ಡ್ವೇನ್ ಎಂಬವನ ಸಣ್ಣ ಅಂಗಡಿ ಸೇರಿದ್ದಳು. ಹೊಸ ಯಜಮಾನರು ಬಂದಮೇಲೆ ಕಂಪನಿಯಲ್ಲಿ ಒಬ್ಬ ಮುದುಕನಿಗೆ ಹನ್ನೆರಡು ನಿಮಿಷ ಎಂದು ಗಡಿಯಾರ ಇಟ್ಟಿದ್ದರು. ಹನ್ನೆರಡು ನಿಮಿಷದಲ್ಲಿ ಮುದುಕರು ಕೋಟು ಬಿಚ್ಚಿ ಮುಗಿಸುವುದಿಲ್ಲ. ಅವಳು ಹೊರಟ ಆರನೆಯ ವಾರಕ್ಕೆ ಕಂಪನಿಯ ನೋಟೀಸು ಬಂತು: ಕೆಲಸ ನಿಲ್ಲಿಸು, ಇಲ್ಲವೇ ಕೋರ್ಟಿಗೆ ಬಾ.

"ನೋಡಿ ಜೋಲೀನ್," ಎಂದ ಕರ್ಟ್. "ಇಂಥ ಕರಾರಿಗೆ ಈ ದೇಶದಲ್ಲಿ ರಾಜ್ಯಕ್ಕೊಂದು ಬೆಲೆ. ನದಿಯ ಆ ದಡ, ನಾರ್ತ್ ಡಕೋಟದಲ್ಲಿ, ಕವಡೆ ಕಿಮ್ಮತ್ತೂ ಇಲ್ಲ. ಅದು ರಾಜ್ಯ ಅಂತ ಆಗೋಕ್ಕಿಂತ ಮುಂಚಿನಿಂದ ಇಲ್ಲ. ಕೆಳಗಡೆ ಸೌತ್ ಡಕೋಟದಲ್ಲಿ ಎರಡು ವರ್ಷ ಕಟ್ಟಿಹಾಕಬಹುದು. ಕ್ಯಾಲಿಫೋರ್ನಿಯದಲ್ಲಿ ಇಂಥ ಕಾಗದ ಮುಂದಿಟ್ಟವನೇ ಸಿಕ್ಕಿಬೀಳ್ತಾನೆ."

"ನಾನು ಕ್ಯಾಲಿಫೋರ್ನಿಯಕ್ಕೆ ಹೋಗಿಲ್ಲ ವಕೀಲರೇ. ಸೇತುವೆ ದಾಟಿದೀನಿ ಅಷ್ಟೆ. ಕಾರಲ್ಲಿ ನಾಲ್ಕು ನಿಮಿಷ."

"ಕೆಲಸ ಆ ದಡದ್ದು. ಮನೆ ಈ ದಡದ್ದು, ಸಹಿ ಹಾಕಿದ್ದೂ ಈ ದಡದಲ್ಲಿ. ಜಗಳ ಬಂದರೆ ಮಿನೆಸೋಟದ ಕೋರ್ಟು ಅಂತ ಕಾಗದದಲ್ಲೇ ಬರೆದಿದೆ. ಆ ದಡದ ಜಡ್ಜ್ ಹತ್ರ ಹೋಗೋಕೆ ಕಂಪನಿಯವರಿಗೇನು ಹುಚ್ಚಾ? ನಿಮ್ಮೂರಿನ ಕೋರ್ಟಿಗೇ ಬರ್ತಾರೆ. ಇಲ್ಲಿನ ಜಡ್ಜ್ ನಿಲ್ಲಿಸು ಅಂದರೆ, ನೀವು ಯಾವ ದಡದಲ್ಲಿ ನಿಂತಿದ್ರೂ ಆ ಮಾತು ಬೆನ್ನಿಗೆ ಅಂಟಿರುತ್ತೆ."

"ಇಲ್ಲೂ ಕಾನೂನು ಬದಲಾಯ್ತು ಅಂತ ಪೇಪರಲ್ಲಿ ಓದಿದ್ದೆ."

"ಆಯ್ತು. ಹೋದ ವರ್ಷ ಜುಲೈ ಒಂದರಿಂದ. ಅವತ್ತಿನಿಂದ ಈಚೆ ಹಾಕಿದ ಸಹಿಗಳಿಗೆ ಮಾತ್ರ. ಆಮೇಲೆ ಹಾಕಿಸಿಕೊಂಡಿದ್ದರೆ ಈ ಷರತ್ತು ಸತ್ತ ಹಾಗೆ. ನಿಮ್ಮದು ಎರಡು ಸಾವಿರದ ಹದಿನೆಂಟು."

ಕರ್ಟ್ ಕಾಗದವನ್ನು ಕೆಳಗಿಟ್ಟ. ಆಮೇಲೆ ಏನೋ ಹೊಳೆದವನಂತೆ ಮುಂದಕ್ಕೆ ಬಾಗಿದ.

"ಕಂಪನಿ ಕೈಬದಲಾಯ್ತು ಅಂದ್ರಲ್ಲ, ಯಾವಾಗ?"

"ಹೋದ ವರ್ಷ ಸೆಪ್ಟೆಂಬರ್."

"ಹೊಸಬರು ಹೊಸ ಕರಾರು ಕೊಡಲಿಲ್ವಾ?"

"ಕೊಟ್ಟರು, ಅಕ್ಟೋಬರಲ್ಲಿ. ಇಪ್ಪತ್ತು ಪುಟ. ಇಲ್ಲೇ ಇದೆ." ಅವಳು ಚೀಲದಿಂದ ತೆಗೆದು ಕೊಟ್ಟಳು.

ಕರ್ಟ್ ಸರಸರನೆ ಪುಟ ತಿರುವಿದ. ಹದಿನೇಳನೆಯ ಪುಟದಲ್ಲಿ ಬೆರಳಿಟ್ಟು ನಕ್ಕೇಬಿಟ್ಟ. "ಸಿಕ್ಕಿತು! ಹಿಂದಿನ ಕರಾರುಗಳೆಲ್ಲ ಇಲ್ಲಿಗೆ ರದ್ದು, ಇದೊಂದೇ ಊರ್ಜಿತ. ಎಲ್ಲೋ ದಕ್ಷಿಣದಲ್ಲಿ ಕೂತು ಐವತ್ತು ರಾಜ್ಯಕ್ಕೂ ಒಂದೇ ಅಳತೆಯ ಅಂಗಿ ಹೊಲಿದಿದಾರೆ ಮಹಾಶಯರು! ಹಳೇದನ್ನ ತಾವೇ ಕೊಂದರು. ಹೊಸದರ ಷರತ್ತು ಈ ರಾಜ್ಯದಲ್ಲಿ ಹುಟ್ಟೋ ಹಾಗೇ ಇಲ್ಲ. ಜೋಲೀನ್, ನೀವು ಬಿಡುಗಡೆ!"

ಅವನು ಕೊನೆಯ ಪುಟ ತೆಗೆದ. ಗೆರೆಯ ಮೇಲೆ ಏನೂ ಇರಲಿಲ್ಲ.

"ಸಹಿ ಎಲ್ಲಿ?"

"ನಾನು ಹಾಕಲಿಲ್ಲ," ಎಂದಳು ಜೋಲೀನ್.

ಆ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು. ಕಂಪನಿಯ ಊಟದ ಕೋಣೆಗೆ ಕೆಲಸದ ಏಳು ಜನರನ್ನೂ ಕರೆದಿದ್ದರು. ಹೊಸಬರ ಕಡೆಯ ಹೆಂಗಸು ಕ್ಯಾರಮೆಲ್ ಪಾಕ ಹಾಕಿದ ಸಿಹಿಯ ತಟ್ಟೆಯನ್ನು ಮಧ್ಯದಲ್ಲಿಟ್ಟು, ಪಕ್ಕದಲ್ಲಿ ಪೆನ್ನಿಟ್ಟಿದ್ದಳು. ಆರು ಜನ ಓದದೆ ಸಹಿ ಹಾಕಿದರು. ಗೆಳತಿ ಟ್ವೈಲಾ ಅಂತೂ ಬೆರಳು ನೆಕ್ಕುತ್ತ ಹಾಕಿದಳು, ಕಾಗದದ ಅಂಚಿಗೆ ಕ್ಯಾರಮೆಲ್ ಮೆತ್ತಿತ್ತು. ಜೋಲೀನ್ ಮಾತ್ರ ಪೆನ್ನನ್ನು ಮುಟ್ಟಲಿಲ್ಲ. "ಒಂದು ಸಲ ಸಹಿ ಹಾಕಿದೀನಿ. ಮದುವೇನೂ ಒಂದೇ ಸಲ ಆಗಿದ್ದು," ಎಂದಿದ್ದಳು. ಅವಳಪ್ಪ ಬೀಟ್ ಬೆಳೆಯುತ್ತಿದ್ದವನು. ಟ್ರ್ಯಾಕ್ಟರನ್ನೂ ಹೊಲವನ್ನೂ ಕೈಕುಲುಕಿಯೇ ಕೊಂಡವನು. ಅವರ ಕಡೆಯಲ್ಲಿ ಎರಡನೆಯ ಸಲ ಸಹಿ ಕೇಳುವುದೆಂದರೆ ಮೊದಲ ಮಾತನ್ನು ನಂಬಲಿಲ್ಲ ಎಂದರ್ಥ. ಜನ್ಮದಲ್ಲಿ ಯಾರಿಗೂ ಆಗುವುದಿಲ್ಲ ಎಂದು ಹೇಳಿರದ ಜೋಲೀನ್ ಅವತ್ತು ಹೇಳಿದ್ದಳು. ಮನೆಗೆ ಬಂದು, ಬಹಳ ಹೊತ್ತು ಕಾರಿನಲ್ಲೇ ಕೂತಿದ್ದಳು. ಆಮೇಲೆ ಎಷ್ಟೋ ದಿನ ಅದನ್ನು ನೆನೆದು ಒಳಗೊಳಗೇ ಬೆಚ್ಚಗಾಗುತ್ತಿದ್ದಳು.

ಕರ್ಟ್ ಕಾಗದಗಳನ್ನು ಜೋಡಿಸಿ ಅಂಚು ಸರಿಮಾಡುತ್ತ ಕೂತ. ಜೋಲೀನ್‌ಗೆ ಬಹಳ ಬಗೆಯ ಮೌನ ಗೊತ್ತಿತ್ತು. ಕೇಳಿಸದವರ ಮೌನ, ಕೇಳಿಸಿಯೂ ಕೇಳಿಸದಂತಿರುವ ಗಂಡಂದಿರ ಮೌನ. ಇದು ಬೇರೆ. ವೈದ್ಯರು ಕೊರಳಿನ ಗಂಟನ್ನು ಮುಟ್ಟಿ, ಬೆರಳನ್ನು ಅಲ್ಲೇ ಇಟ್ಟುಕೊಂಡಿರುವಾಗಿನ ಮೌನ.

"ಸಹಿ ಹಾಕಿದ ಆರು ಜನರ ಹಳೇ ಕರಾರು ಸತ್ತಿತು, ಅವರು ಎಲ್ಲಿ ಬೇಕಾದರೂ ಹೋಗಬಹುದು," ಎಂದ ಕೊನೆಗೆ.

"ನಾನೊಬ್ಬಳು ಹೋಗೋ ಹಾಗಿಲ್ಲ."

"ಹೋರಾಡಬಹುದು. ಗೆಲ್ತೀರಿ ಅಂತ ನಾನು ಹೇಳಲಾರೆ."

ಅವಳು ಎದ್ದು ಕೋಟು ಹಾಕಿಕೊಂಡಳು. "ನಿಮಗೂ ಇಂಥ ಕಾಗದ ಇರುತ್ತಾ ವಕೀಲರೇ? ಈ ಕಚೇರಿ ಬಿಟ್ಟು ಎದುರುಗಡೆ ಅಂಗಡಿ ಇಟ್ಟರೆ?"

ಕರ್ಟ್ ಕಿಟಕಿಯ ಕಡೆ ನೋಡಿದ. "ವಕೀಲರಿಗೆ ಇಂಥ ಷರತ್ತು ಹಾಕೋ ಹಾಗಿಲ್ಲ. ಕಕ್ಷಿದಾರರು ತಮಗೆ ಬೇಕಾದವರ ಹತ್ರ ಹೋಗೋ ಹಕ್ಕು ದೊಡ್ಡದು ಅಂತ. ಆ ನಿಯಮ ನಮ್ಮವರೇ ಬರಕೊಂಡದ್ದು."

"ಒಳ್ಳೇ ನಿಯಮ," ಎಂದಳು ಜೋಲೀನ್.

ಭಾನುವಾರ ಪ್ರಾರ್ಥನೆ ಮುಗಿದಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ತಿಳಿಕಾಫಿ ಕುಡಿಯುತ್ತಿದ್ದಾಗ ಟ್ವೈಲಾ ಅವಳನ್ನು ಕೋಟು ನೇತುಹಾಕುವ ಮೂಲೆಗೆ ಎಳೆದುಕೊಂಡು ಹೋದಳು.

"ಇಷ್ಟಕ್ಕೆಲ್ಲ ಸಪ್ಪಗೆ ಮುಖ ಮಾಡ್ಕೊಂಡಿದೀಯಲ್ಲೇ! ಆ ಕಾಗದ ಇನ್ನೂ ನಿನ್ನ ಹತ್ರಾನೇ ಇದೆ ತಾನೇ? ಸಹಿ ಹಾಕು. ಕೆಳಗೆ ಹೋದ ವರ್ಷದ ತಾರೀಕು ಬರಿ. ಆಫೀಸಿನ ಪೆಟ್ಟಿಗೇಲಿ ಮಿಕ್ಕ ಆರರ ಜೊತೆ ನಾನು ಸೇರಿಸಿಡ್ತೀನಿ. ಆ ಪೆಟ್ಟಿಗೆ ಮುಚ್ಚಳ ಯಾರೂ ತೆಗೆದಿಲ್ಲ ಕಣೇ, ನನ್ನ ಕ್ಯಾರಮೆಲ್ ಬೆರಳಿನ ಗುರುತು ಹಾಗೇ ಒಣಗಿಕೊಂಡಿರುತ್ತೆ."

"ಜಡ್ಜ್ ಮುಂದೆ ಪ್ರಮಾಣ ಮಾಡ್ಬೇಕಾಗುತ್ತೆ ಟ್ವೈಲಾ."

"ಮಾಡು. ಹೋದ ವಾರ ನನ್ನ ಲೆಫ್ಸೆ ರೊಟ್ಟಿ ತಿಂದು ಚೆನ್ನಾಗಿದೆ ಅಂದೆಯಲ್ಲ, ಅದೇನು ಸುಳ್ಳಲ್ವಾ?"

ಜೋಲೀನ್‌ಗೆ ನಗು ಬಂತು. ಮನೆಗೆ ಬಂದವಳು ಅಡಿಗೆಮನೆಯ ಮೇಜಿನ ಮೇಲೆ ಕೊನೆಯ ಪುಟ ಹರಡಿ, ಪೆನ್ನು ಹಿಡಿದು ಕೂತಳು. ಗೆರೆ ಎರಡು ಬೆರಳಿನಷ್ಟು ಉದ್ದವಿತ್ತು. ಹಾಕಬೇಡ ಎನ್ನುವುದು ಧರ್ಮವೋ, ಭಯವೋ ಅವಳಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೆ: ಈಗ ಹಾಕಿದರೆ ಕೆಲಸ ಉಳಿಯುತ್ತದೆ, ಆದರೆ ಅವತ್ತು ಆಗುವುದಿಲ್ಲ ಎಂದಿದ್ದ ಆ ಜೋಲೀನ್ ಇರಲೇ ಇಲ್ಲ ಎಂದಾಗುತ್ತದೆ. ಹೆಮ್ಮೆಪಟ್ಟುಕೊಳ್ಳಲು ಅವಳಿಗಿದ್ದವಳು ಆ ಜೋಲೀನ್ ಒಬ್ಬಳೇ. ಸಂಜೆಯ ತನಕ ಕೂತು, ಪೆನ್ನಿನ ಮುಚ್ಚಳ ಹಾಕಿದಳು.

ಕೋರ್ಟಿನಲ್ಲಿ ಹನ್ನೊಂದು ನಿಮಿಷ ಹಿಡಿಯಿತು. ಜಡ್ಜ್ ಒಳ್ಳೆಯವನೇ, ಎರಡು ಸಲ ಅವಳ ಮುಖ ನೋಡಿದ. ಹಳೆಯ ಕರಾರು, ಹಳೆಯ ಕಾನೂನು. ವ್ಯಾಜ್ಯ ಮುಗಿಯುವವರೆಗೆ ಆ ಕಸುಬು ಮಾಡಕೂಡದು ಎಂದ. ವ್ಯಾಜ್ಯ ಮುಗಿಯುವ ಹೊತ್ತಿಗೆ ಎರಡು ವರ್ಷವೂ ಮುಗಿದಿರುತ್ತದೆ ಎಂದು ಕರ್ಟ್ ಮೆಟ್ಟಿಲ ಮೇಲೆ ಹೇಳಿದ. ಡ್ವೇನ್ ಫೋನ್ ಮಾಡಿದ. "ನಂದು ಎರಡು ಕೋಣೆ ಅಂಗಡಿ ಕಣಮ್ಮ. ನಿನ್ನ ಕುರ್ಚಿ ಖಾಲಿ ಇಟ್ಕೊಂಡು ಕೂರೋಕೆ ಆಗಲ್ಲ," ಎಂದು, ಮತ್ತೆ ಮತ್ತೆ ಕ್ಷಮೆ ಕೇಳಿದ.

ಮರುವಾರ ಟ್ವೈಲಾ ಬಾಗಿಲು ತಟ್ಟಿದಳು. ಕೈಯಲ್ಲಿ ಬಟ್ಟೆ ಮುಚ್ಚಿದ ಗಾಜಿನ ಪಾತ್ರೆ. ಮಾಂಸ, ಆಲೂಗಡ್ಡೆ, ಅಣಬೆ ಸಾರು ಎಲ್ಲ ಸೇರಿಸಿ ಬೇಯಿಸಿದ್ದು. ಊರಲ್ಲಿ ಸಾವಾದ ಮನೆಗೆ ಒಯ್ಯುವ ಅಡಿಗೆ.

"ಯಾರು ಸತ್ತರು?" ಎಂದಳು ಜೋಲೀನ್.

ಟ್ವೈಲಾ ನಗಲಿಲ್ಲ. "ಡ್ವೇನ್ ನನ್ನ ಕೆಲಸಕ್ಕೆ ಕರೆದ ಕಣೇ. ಅವನ ವಕೀಲ ನನ್ನ ಕಾಗದ ನೋಡಿದ, ಏನೂ ತೊಂದರೆ ಇಲ್ವಂತೆ. ಸೋಮವಾರದಿಂದ." ಆಮೇಲೆ, "ನೀನು ಬೇಡ ಅಂದ್ರೆ ಹೋಗಲ್ಲ."

ಬೇಡ ಎನ್ನಲು ಜೋಲೀನ್ ಬಾಯಿ ತೆರೆದಳು. "ಹೋಗು," ಎಂದಳು. "ಮುದುಕರ ಜೊತೆ ನಿಧಾನವಾಗಿ ಮಾತಾಡು. ಕಿರುಚಬೇಡ."

ಪಾತ್ರೆಯ ತಳದಲ್ಲಿ ಅಂಟುಪಟ್ಟಿಯ ಮೇಲೆ ಟ್ವೈಲಾಳ ಹೆಸರಿತ್ತು, ಮರಳಿಸುವಾಗ ಮರೆಯದಿರಲಿ ಎಂದು. ಜೋಲೀನ್ ಮೂರು ದಿನ ಅದನ್ನೇ ತಿಂದಳು.

ನವೆಂಬರಿನಲ್ಲಿ, ಮೊದಲ ಹಿಮ ಬಿದ್ದ ದಿನ, ಆರ್ವಿಲ್ ಬ್ರೆಕ್ಕೆ ಹಿತ್ತಿಲ ಬಾಗಿಲಿಗೆ ಬಂದ. ಎಂಬತ್ನಾಲ್ಕು ವಯಸ್ಸು, ಹದಿನಾಲ್ಕು ವರ್ಷದಿಂದ ಅವಳ ಕೈಗೇ ಕಿವಿ ಕೊಟ್ಟವನು. ಎಡಗಿವಿಯ ಯಂತ್ರ ಕುದಿಯುವ ಕೆಟಲಿನ ಹಾಗೆ ಸಿಳ್ಳೆ ಹಾಕುತ್ತಿತ್ತು.

"ಕಾಫಿ ಕುಡೀತೀಯಾ ಅಜ್ಜ?"

"ಬೇಡ, ನಿನಗ್ಯಾಕೆ ತೊಂದರೆ."

"ಆಗಲೇ ಕಾಸಿದೆ."

"ಬೇಡ ಬೇಡ."

"ಅರ್ಧ ಲೋಟ?"

"ಅರ್ಧ ಅಂದ್ರೆ ಸರಿ," ಎಂದು ಕೂತು, ತುಂಬಿದ ಲೋಟ ಕುಡಿದ. ಆಮೇಲೆ ಯಂತ್ರ ಬಿಚ್ಚಿ ಮೇಜಿನ ಮೇಲಿಟ್ಟ. "ಇದೊಂದು ಪಿಶಾಚಿ ಆಗಿದೆ ಮಗಳೇ. ಮೊಮ್ಮಗಳ ಫೋನು ಬಂದ್ರೂ ಬರೀ ಸಿಳ್ಳೆ. ನೀನು ಆ ಕಂಪನೀಲಿ ಇಲ್ಲ ಅಂದ್ರು, ಈ ಕಂಪನೀಲೂ ಇಲ್ಲ ಅಂದ್ರು. ಮನೇಲಿ ಇರ್ತಾಳೆ ಅಂತ ಬಂದೆ."

ಅವಳು ನೋಡಿದಳು. ಕಿವಿಯೊಳಗೆ ಕೂರುವ ಅಚ್ಚಿನ ತೂತಿನಲ್ಲಿ ಗುಗ್ಗೆ ಕಟ್ಟಿತ್ತು. ಒಂದು ಸಣ್ಣ ಕುಣಿಕೆ ಕಡ್ಡಿ ಸಾಕು, ಅರ್ಧ ನಿಮಿಷದ ಕೆಲಸ. ಕಡ್ಡಿ ಸಿಂಕಿನ ಪಕ್ಕದ ಡ್ರಾಯರಿನಲ್ಲೇ ಇತ್ತು. ಅವಳ ಕೈ ಡ್ರಾಯರಿನ ತನಕ ಹೋಗಿ ನಿಂತಿತು. ಪುಕ್ಕಟೆಯಾಗಿಯೂ ಇಲ್ಲ. ಆರ್ವಿಲ್ ಯಾರಿಗೂ ಹೇಳದೆ ಇರುವವನಲ್ಲ. ಜೋಲೀನ್ ನನ್ನ ಕಿವಿ ಸರಿಮಾಡಿದಳು ಎಂದು ಚರ್ಚಿನ ತುಂಬ ಹೊಗಳುತ್ತಾನೆ, ಕೇಳದವನು ಮಾತಾಡುವ ಹಾಗೆ ಗಟ್ಟಿಯಾಗಿ.

ಅವಳು ಒಂದು ಚೀಟಿ ತೆಗೆದು ಫಾರ್ಗೋದ ವಿಳಾಸ ಬರೆದಳು. ಕೆಳಗೆ ಟ್ವೈಲಾಳ ಹೆಸರು. ಆರ್ವಿಲ್ ಅದನ್ನು ದೂರ ಹಿಡಿದು ಓದಿದ.

"ಸೇತುವೆ ದಾಟಬೇಕಾ?" ಎಂದ. ಹಿಮ ಬಿದ್ದಮೇಲೆ ಅವನು ಕಾರು ಓಡಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಇವತ್ತು ನಡೆದೇ ಬಂದಿದ್ದ. "ಕೈ ಹೇಗೆ ಇವಳದು?"

"ಕೈ ಚೆನ್ನಾಗಿದೆ," ಎಂದಳು ಜೋಲೀನ್. "ಕೇಳಿದ ಕಡೆ ಸಹಿ ಹಾಕಿದ ಕೈ."

ಆರ್ವಿಲ್‌ಗೆ ಕೇಳಿಸಲಿಲ್ಲ. ಆದರೂ ಅವಳ ಮುಖ ನೋಡಿ ತಲೆಯಾಡಿಸಿದ. ಯಂತ್ರವನ್ನು ಚೀಟಿಯಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಹೊರಡುವುದಕ್ಕೆ ಅವಸರವಿಲ್ಲದವನಂತೆ ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಅವಳು ಇನ್ನರ್ಧ ಲೋಟ ಸುರಿದಳು. ಈ ಸಲ ಅವನು ಬೇಡ ಎನ್ನಲಿಲ್ಲ.