ಹುಳದ ಮನೆಯ ಡಬ್ಬಿ

ಹೊಂಗನೂರಿನ ಹಾಲಿನ ಡೈರಿ ಮುಂದೆ ಸ್ಕೂಲ್ ವ್ಯಾನು ನಿಂತಾಗ ಕೆಂಚಮ್ಮನ ಕೈಗೆ ಮೊದಲು ಬಂದದ್ದು ಮೊಮ್ಮಗಳಲ್ಲ, ಅವಳ ಬ್ಯಾಗು. ಡ್ರೈವರ್ ಮುಜಾಮಿಲ್ ಅದನ್ನು ಎರಡೇ ಬೆರಳಲ್ಲಿ ಹಿಡಿದು ಕಿಟಕಿಯಾಚೆ ಚಾಚಿದ.

"ಅಜ್ಜಿ, ಪಾಪು ವಾಂತಿ ಮಾಡ್ಕಂಡದೆ. ಸೀಟು ನಾನು ತೊಳ್ದಿವ್ನಿ. ಬ್ಯಾಗು ನೀವೇ ತೊಳ್ಕಳಿ."

ಹಂಸಿಕಾ ಇಳಿದಳು. ಎಲ್‌ಕೆಜಿ ಮಗು; ಮುಖ ಬಾಡಿತ್ತು, ಒಂದು ಕಾಲಿನ ಸಾಕ್ಸು ಮಡಿಕೆಬಿದ್ದು ಷೂ ಒಳಗೆ ಸೇರಿಕೊಂಡಿತ್ತು. ಕೆಂಚಮ್ಮ ಅವಳನ್ನು ಸೊಂಟಕ್ಕೇರಿಸಿಕೊಂಡು ಮನೆಗೆ ಬಂದು, ಜಗಲಿಯ ಮೇಲೆ ಕೂರಿಸಿ, ಡಬ್ಬಿ ತೆಗೆದಳು. ಮುಚ್ಚಳದ ಒಳಮೈ ತುಂಬ ನೀರಿನ ಹನಿ. ಬೆಳಿಗ್ಗೆ ಒತ್ತಿ ಒತ್ತಿ ತುಂಬಿದ್ದ ಮೊಸರನ್ನ ಉಬ್ಬಿ ಅಂಟಂಟಾಗಿತ್ತು. ಮೂಗಿನ ಹತ್ತಿರ ತಂದವಳು ಹಾಗೇ ದೂರ ಹಿಡಿದಳು.

"ಎಷ್ಟು ತಿಂದವ್ವ?"

"ಎಲ್ಡು ಸ್ಪೂನು. ಮಿಸ್ಸು ತಿನ್ಬೇಡ ಅಂದ್ರು."

"ಮಿಸ್ಸು ಅನ್ನೋ ಗಂಟ ಯಾಕ್ ತಿಂದೆ?"

"ನೀನೇ ತಾನೆ ಎಲ್ಲಾ ತಿನ್ಬೇಕು ಅಂದಿದ್ದು."

ಕೆಂಚಮ್ಮ ಅನ್ನವನ್ನು ತಿಪ್ಪೆಗೆ ಸುರಿದು ಬಂದಳು. ಎಮ್ಮೆಗೂ ಹಾಕಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಆ ಮನೆಯಲ್ಲಿ ಮೊದಲಿನಿಂದಲೂ ಹುಳಕ್ಕೊಂದು ಬೇರೆ ಮನೆ ಅಂತ ಇಲ್ಲ. ನಡುಮನೆಯೇ ಹುಳದ ಮನೆ. ಮೂರಂತಸ್ತಿನ ಸ್ಟ್ಯಾಂಡುಗಳ ಮೇಲೆ ರೇಷ್ಮೆ ಹುಳ, ಹುಳದ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬಾರದಂತೆ ಕಿಟಕಿಗೆ ನೈಲಾನ್ ಬಲೆ, ಬಾಗಿಲಲ್ಲಿ ಕೈಕಾಲು ತೊಳೆಯಲು ಬ್ಲೀಚಿಂಗ್ ನೀರಿನ ಬೇಸಿನ್ನು. ಅಡುಗೆಮನೆಗೂ ಅದಕ್ಕೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಮೋಟುಗೋಡೆ. ಹುಳ ತಿನ್ನುವುದು ಬಿಟ್ಟು, ತಲೆಯೆತ್ತಿ ನಿಂತು ಪೊರೆ ಕಳಚುವುದನ್ನು ಅಲ್ಲಿ ಜ್ವರ ಅನ್ನುತ್ತಾರೆ. ಅಂಥ ನಾಲ್ಕು ಜ್ವರ. ನಾಲ್ಕನೆಯದು ಎದ್ದ ಮೇಲೆ, ಅಂದರೆ ಮುಗಿದು ಹುಳ ಮತ್ತೆ ತಿನ್ನತೊಡಗಿದ ಮೇಲೆ, ಗೂಡಿಗೆ ಹತ್ತುವವರೆಗೂ ಕೆಂಚಮ್ಮನ ಮನೆಯಲ್ಲಿ ಒಗ್ಗರಣೆ ಇಲ್ಲ. ಮೆಣಸಿನಕಾಯಿ ಹುರಿಯುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಘಮಗುಡುವ ತಲೆಯೆಣ್ಣೆ ಹಚ್ಚಿಕೊಂಡವರು ಒಳಗೆ ಬರುವಂತಿಲ್ಲ. ಘಾಟಿಗೆ ಹುಳ ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನೇ ಬಿಡುತ್ತದೆ ಎಂದು ಅವಳ ಅತ್ತೆ ಹೇಳಿದ್ದಳು. ಕೆಂಚಮ್ಮ ಅದನ್ನು ಒಂದು ಬೆಳೆಗೂ ತಪ್ಪಿಸಿದವಳಲ್ಲ. ದೊಡ್ಡವರು ಆ ದಿನಗಳಲ್ಲಿ ಮುದ್ದೆ, ಒಗ್ಗರಣೆಯಿಲ್ಲದ ಸಾರು ಉಂಡುಕೊಂಡು ಇರುತ್ತಾರೆ. ಸಪ್ಪೆ ಸಾರು ಮಗುವಿಗೆ ಸೇರದು. ಅದಕ್ಕೇ ಡಬ್ಬಿಗೆ ಮೊಸರನ್ನ.

ನಸುಕಿಗೇ ಅನ್ನ ಬಸಿದು, ಹಬೆಯಾಡುತ್ತಿರುವಾಗಲೇ ಮೊಸರು ಕಲಸಿ ಎರಡು ಡಬ್ಬಿ ತುಂಬುವುದು ಅವಳ ಕೆಲಸ. ಒಂದು ಸೊಸೆ ಭಾನುಪ್ರಿಯಳದು, ಒಂದು ಮಗುವಿನದು. ಮಗುವಿನ ಡಬ್ಬಿಗೆ ಟವೆಲ್ಲಿನ ತುಂಡು ಬೇರೆ ಸುತ್ತುತ್ತಿದ್ದಳು. ಕೂಸು ಮಧ್ಯಾಹ್ನಕ್ಕೂ ಬಿಸಿಯನ್ನ ಉಣ್ಣಲಿ ಎಂದು.

ಭಾನುಪ್ರಿಯ ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುತ್ತಾಳೆ. ಕಂಪನಿ ಬಸ್ಸು ಅವಳನ್ನು ಇಳಿಸಿಹೋದಾಗ ದೀಪ ಹತ್ತಿತ್ತು. ತೊಳೆದು ತಂತಿಗೆ ಹಾಕಿದ್ದ ಬ್ಯಾಗು ನೋಡಿ ಏನು ಎತ್ತ ಎಂದು ಕೇಳಿದಳು. ವಿಷಯ ತಿಳಿದ ಮೇಲೆ ಮಗುವಿನ ಹಣೆ ಮುಟ್ಟಿ, ಮೊದಲು ನೀರು ಕುಡಿದಳು.

"ಅತ್ತೆ, ಹುಳುಕ್ಕೆ ಒಂದ್ ಬಾಡಿದ್ ಎಲೆ ಹಾಕಕ್ಕೆ ಬುಡಲ್ಲ ನೀವು. ಮಗೀಗೆ ಹಳಸಿದ್ದು ಕೊಟ್ಟಿದ್ದೀರಲ್ಲ."

"ಹಳಸಿದ್ದು ಅಂತೀಯಲ್ಲ ಭಾನು! ಒಲೆ ಮ್ಯಾಲಿಂದ ಇಳ್ಸಿದ್ದು ಕಣಮ್ಮಿ. ಕೈ ಸುಡ್ತಿತ್ತು."

"ಇಲ್ಲಿ ಸುಡ್ತಿತ್ತು. ಅಲ್ಲಿ ಏನಾಗಿತ್ತು?"

ಕೆಂಚಮ್ಮನ ಮಗ ಸ್ವಾಮಿ ಸೊಪ್ಪಿನ ಹೊರೆ ಇಳಿಸಿ ಬಂದವನು ಇಬ್ಬರ ನಡುವೆ ನಿಂತ. "ಸೊಪ್ಪೇ ಕಟ್ಕಳ್ಸವ್ವ ನಿನ್ ಮೊಮ್ಮಗ್ಳಿಗೆ. ಅದ್ಕೆ ಒಗ್ಗರ್ಣೆನೂ ಬ್ಯಾಡ, ಹಳ್ಸೋದೂ ಇಲ್ಲ."

ಭಾನುಪ್ರಿಯ ದನಿ ಏರಿಸದೆ ಹೇಳಿದಳು: "ಇನ್ನೊಂದ್ ಸಲ ಡಬ್ಬಿ ಇಂಗೇ ವಾಪಸ್ ಬಂದ್ರೆ ಪಾಪೂನ ರಾಮನಗರಕ್ಕೆ ನಮ್ಮಕ್ಕನ ಮನೆಗೆ ಬುಡ್ತೀನಿ. ಗೂಡು ಬುಡಿಸೋ ಗಂಟ ಅಲ್ಲಿರ್ಲಿ. ಅವರ ಮನೇಲಿ ಹುಳ ಇಲ್ಲ."

ಕೊನೆಯ ಮಾತು ಕೆಂಚಮ್ಮನಿಗೆ ತಾಗಿತು. ಮಗು ಹುಟ್ಟಿದಾಗಿನಿಂದ ಅವಳ ಮಗ್ಗುಲಲ್ಲೇ ಮಲಗುವುದು. ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತು ಎಂದು ಎದ್ದುಹೋದಳು.

ಸೊಪ್ಪು ಹರಡುತ್ತಲೇ ಅವಳಿಗೆ ಒಂದು ದಾರಿ ಹೊಳೆಯಿತು. ಬೆಳಿಗ್ಗೆ ಕೊಯ್ದ ಸೊಪ್ಪು ಸಂಜೆಗೂ ಗರಿಗರಿಯಾಗಿರುವುದು ಹೇಗೆ? ಒದ್ದೆ ಗೋಣಿಯಿಂದ. ಅಷ್ಟೆ ತಾನೆ.

ಮಾರನೆಯ ಬೆಳಿಗ್ಗೆ ಹೊಸ ಗೋಣಿಯ ತುಂಡೊಂದನ್ನು ಒಗೆದು, ನೀರಲ್ಲಿ ಅದ್ದಿ, ಬಿಸಿಯನ್ನ ತುಂಬಿದ ಡಬ್ಬಿಗೆ ಎರಡು ಸುತ್ತು ಸುತ್ತಿ ಬ್ಯಾಗಿಗಿಟ್ಟಳು. ವ್ಯಾನು ಹೋದ ಮೇಲೂ ಒಂದಷ್ಟು ಹೊತ್ತು ಡೈರಿ ಮುಂದೆಯೇ ನಿಂತಿದ್ದಳು. ಹಾಲು ಹಾಕಲು ಬಂದ ಮುನಿಯಮ್ಮ, "ಏನವ್ವ, ಮೊಮ್ಮಗ್ಳು ಕಾಲೇಜ್ಗೋದ್ಲಾ, ಇಂಗ್ ನೋಡ್ತಾ ನಿಂತಿದ್ದೀಯ?" ಎಂದು ಛೇಡಿಸಿದಾಗ ಮನೆಗೆ ನಡೆದಳು.

ಮಧ್ಯಾಹ್ನ ಮುಜಾಮಿಲ್ ನಗು ತಡೆದುಕೊಂಡೇ ಬಂದ. "ಅಜ್ಜಿ, ಡಬ್ಬಿಗೆ ಸ್ನಾನ ಮಾಡ್ಸಿ, ಒದ್ದೆ ಮೈಲೇ ಕಳ್ಸಿದ್ರಾ? ಪಾಪು ಡ್ರಾಯಿಂಗ್ ಬುಕ್ಕಲ್ಲಿದ್ದ ಆನೆ ಕರಗೋಗದೆ."

ಡ್ರಾಯಿಂಗ್ ಪುಸ್ತಕದ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಡಬ್ಬಿಯಲ್ಲಿ ಅನ್ನ ತುಂಬಿದ್ದು ತುಂಬಿದಂತೆಯೇ ಇತ್ತು, ಮೇಲೆ ತೆಳ್ಳಗೆ ನೀರು. ಮಿಸ್ಸು ಎರಡು ಬಿಸ್ಕತ್ತು ಕೊಟ್ಟರು ಎಂದು ಹಂಸಿಕಾ ಹೇಳಿದಳು. ನೆಂದುಹೋದ ಆನೆಯ ಬಗ್ಗೆ ಬೇಜಾರಿದ್ದಂತೆ ಹಸಿವಿನ ಬಗ್ಗೆ ಅವಳಿಗೆ ಬೇಜಾರಿರಲಿಲ್ಲ.

ಕೆಂಚಮ್ಮ ಡಬ್ಬಿಯನ್ನು ಬಚ್ಚಲಿಗೆ ಒಯ್ದು ಹುಲ್ಲುನಾರಿನಿಂದ ಉಜ್ಜಿದಳು. ಮುಚ್ಚಳದ ಸುತ್ತ ಒಂದು ರಬ್ಬರಿತ್ತು. ಅದು ಬಿಚ್ಚಿ ಬರುತ್ತದೆಂದು ಅವಳಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ತಲೆಯ ಪಿನ್ನಿನಿಂದ ಮೀಟಿದಾಗ ಎದ್ದುಬಂತು. ಅದರ ಕೆಳಗೆ ಎಷ್ಟು ದಿನದ್ದೋ ಮೊಸರು ಕಪ್ಪಗೆ ಗಟ್ಟಿಕಟ್ಟಿತ್ತು. ಕಾದ ನೀರು ಹೊಯ್ದು, ತಿಕ್ಕಿ, ಡಬ್ಬಿ ಮುಚ್ಚಳ ರಬ್ಬರು ಮೂರನ್ನೂ ಬೇರೆಬೇರೆಯಾಗಿ ಹಂಚಿನ ಮೇಲೆ ಬಿಸಿಲಿಗಿಟ್ಟಳು.

ಸಂಜೆ ಭಾನುಪ್ರಿಯ ಜಗಳ ಆಡಲಿಲ್ಲ. ಬೀರುವಿನ ಮೇಲಿನ ನೀಲಿ ಬ್ಯಾಗು ಇಳಿಸಿ, ಮಗುವಿನ ಫ್ರಾಕು, ಚಡ್ಡಿ, ಸಣ್ಣ ಬಾಚಣಿಗೆ ಜೋಡಿಸಿದಳು. ಅಕ್ಕನಿಗೆ ಫೋನು ಮಾಡಿ ಶನಿವಾರ ಸಂಜೆ ಬರುತ್ತೇವೆ ಅಂದಳು.

"ನಾಳೆ ಒಂದಿನ ನೋಡು," ಎಂದ ಸ್ವಾಮಿ.

"ನಾಳೆ ಒಂದಿನ ನೋಡ್ತೀನಿ. ಅದ್ಕೇ ಶನಿವಾರ ಅಂದಿದ್ದು."

ಶುಕ್ರವಾರ ಬೆಳಿಗ್ಗೆ ಕೆಂಚಮ್ಮನಿಗೆ ಹೊಸದೇನೂ ತೋಚಲಿಲ್ಲ. ಎರಡೂ ಡಬ್ಬಿಗೆ ಎಂದಿನಂತೆ ಬಿಸಿ ಮೊಸರನ್ನ ತುಂಬಿದಳು. ಸೊಸೆ ತನ್ನ ಡಬ್ಬಿ ಎತ್ತಿಕೊಂಡು ಬಸ್ಸಿಗೆ ಹೋದಳು. ಮಗು ಇನ್ನೂ ಎದ್ದಿರಲಿಲ್ಲ. ಕೆಂಚಮ್ಮ ಬೇಸಿನ್ನಿನಲ್ಲಿ ಕೈ ತೊಳೆದು ಸೊಪ್ಪಿನ ಮೂಲೆಗೆ ಹೋದಳು.

ಹಿಂದಿನ ಸಂಜೆ ಸ್ವಾಮಿ ಸೊಪ್ಪಿಗೆ ನೀರು ಚಿಮುಕಿಸಿ, ಸುಸ್ತಾಗಿದ್ದನೋ ಏನೋ, ಹರಡದೆ ಗುಡ್ಡೆಯಾಗಿಯೇ ಬಿಟ್ಟು, ಮೇಲೆ ಗೋಣಿ ಮುಚ್ಚಿದ್ದ. ಮೇಲೆ ಎಲೆ ತಣ್ಣಗೆ ಹಸಿರಾಗಿತ್ತು. ಕೆಂಚಮ್ಮ ಅಭ್ಯಾಸಬಲದಿಂದ ಮೊಣಕೈವರೆಗೆ ಕೈ ತೂರಿಸಿದಳು. ಒಳಗೆ ಹಬೆಯಂಥ ಬಿಸಿ.

"ಲೋ ಸ್ವಾಮಿ! ಕಾವು ಹಿಡ್ಕಂಡೈತಲ್ಲೋ ಸೊಪ್ಪು! ಹರವಿ ಆರುಸ್ದಲೆ ಮುಚ್ಚಾಕಿದ್ದೀಯಲ್ಲ, ಕೆಡದಲೆ ಇನ್ನೇನಾಯ್ತದೆ? ಒಳಗೇ ಬೆವತು—"

ಕೈ ಇನ್ನೂ ಗುಡ್ಡೆಯೊಳಗಿತ್ತು. ಸ್ವಾಮಿ ಹಲ್ಲುಜ್ಜುತ್ತ ಹಿತ್ತಲಿಂದ ಇಣುಕಿದ.

"ಯಾಕವ್ವ? ಹಾವೇನಾರ ಐತಾ?"

"ಸೊಪ್ಪು ನೀನೇ ಬುಡ್ಸು. ಬಿಸಿ ಹತ್ತಿದ್ದೆಲ್ಲ ತಿಪ್ಪೆಗಾಕು," ಎಂದು ಅಡುಗೆಮನೆಗೆ ಹೋದಳು. ಒಲೆಯ ಪಕ್ಕ ಮಗುವಿನ ಡಬ್ಬಿ ಮುಚ್ಚಿಕೊಂಡು ಕೂತಿತ್ತು. ತೆಗೆದು ನೋಡಿದಳು. ಆಗಲೇ ಮುಚ್ಚಳ ಬೆವೆತಿತ್ತು.

ಅದರಲ್ಲಿದ್ದುದನ್ನು ಎಮ್ಮೆಯ ಕಲಗಚ್ಚಿಗೆ ಸುರಿದಳು. ಡಬ್ಬಿ ತೊಳೆದು ಒಣಬಟ್ಟೆಯಲ್ಲಿ ಒರೆಸಿದಳು. ಪಾತ್ರೆಯಲ್ಲಿ ಉಳಿದಿದ್ದ ಅನ್ನವನ್ನು ಅಗಲದ ತಟ್ಟೆಗೆ ಹಾಕಿ, ಸೊಪ್ಪು ಹರಡಿದ ಹಾಗೆ ತೆಳ್ಳಗೆ ಹರಡಿದಳು. ನೊಣ ಕೂರದಂತೆ ಏನು ಮುಚ್ಚುವುದು? ಕಿಟಕಿಗೆ ಹೊಡೆದು ಉಳಿದಿದ್ದ ಊಜಿ ಬಲೆಯ ತುಂಡು ಸಿಕ್ಕಿತು. ಅದನ್ನು ತೊಳೆದು ಹೊದಿಸಿದಳು. ಗಾಳಿ ಆಡುತ್ತಿತ್ತು, ನೊಣ ಹೊರಗೇ ಸುತ್ತಿತು.

ಅನ್ನ ಆರುತ್ತದೆ, ಸರಿ. ಆದರೆ ಈ ಬಿಸಿಲಿಗೆ ಮೊಸರು ತಡೆಯುವುದಿಲ್ಲ. ನಿಂಬೆಹಣ್ಣಿನ ಚಿತ್ರಾನ್ನವಾದರೆ ಮಧ್ಯಾಹ್ನಕ್ಕೆ ಏನೂ ಆಗದು. ಚಿತ್ರಾನ್ನಕ್ಕೆ ಒಗ್ಗರಣೆ ಬೇಕು.

ಮೋಟುಗೋಡೆಯಾಚೆ ಹುಳ ಹೊಸ ಸೊಪ್ಪಿಗೆ ತಲೆ ಹಾಕಿದ್ದವು. ಅವಳು ಅವನ್ನೊಂದು ಸಲ ನೋಡಿದಳು. ಬೀರುವಿನ ಪಕ್ಕದ ನೀಲಿ ಬ್ಯಾಗನ್ನೂ ನೋಡಿದಳು. ಆಮೇಲೆ ಬಾಂಡಲಿ, ಎಣ್ಣೆ, ಸಾಸಿವೆ ಡಬ್ಬ, ಕಡಲೆಬೀಜ ಎಲ್ಲವನ್ನೂ ಮಂಕರಿಗೆ ಹಾಕಿಕೊಂಡು ಕೊಟ್ಟಿಗೆ ದಾಟಿ, ಹಿತ್ತಲ ಬೇಲಿಯ ಹತ್ತಿರ ಹೋದಳು. ಒಂದು ಚಿಟಿಕೆ ಬೂದಿ ತೂರಿದಳು. ಬೂದಿ ಮನೆಯ ಕಡೆ ಬರದೆ ರಾಗಿಹೊಲದ ಕಡೆ ಹೋಯಿತು. ಮೂರು ಕಲ್ಲು ಇಟ್ಟು ಬೆಂಕಿ ಮಾಡಿದಳು.

ಸಾಸಿವೆ ಸಿಡಿದ ಸದ್ದಿಗೆ ಸ್ವಾಮಿ ಓಡಿಬಂದ. "ಅವ್ವಾ! ನೀನಾ? ನಾಕ್ನೇ ಜ್ವರ ಎದ್ದೈತೆ ಕಣವ್ವ!"

"ಗೊತ್ತು. ಗಾಳಿ ಆ ಕಡಿಗೈತೆ."

"ಹೋದ್ ಬೆಳೇಲಿ ನಾನು ಹಪ್ಪಳ ಸುಟ್ಟಿದ್ಕೆ ಊರೆಲ್ಲ ಕೇಳೋ ಅಂಗೆ ಬೈದ್ಯಲ್ಲ!"

"ನೀನು ಮೂರೊತ್ತೂ ಹಪ್ಪಳ ತಿಂದವ್ನೇ. ಓಗು, ಮಗೀನ ಎಬ್ರುಸು."

ಒಗ್ಗರಣೆ ಆರಿದ ಮೇಲೆ, ಅನ್ನ ಕೈಗೆ ತಣ್ಣಗೆ ಹತ್ತಿದ ಮೇಲೆ, ನಿಂಬೆರಸ ಹಿಂಡಿ, ಒಣಗಿದ ಸೌಟಿನಿಂದ ಕಲಸಿದಳು. ಸಡಿಲವಾಗಿ ತುಂಬಿ ರಬ್ಬರು ಕೂರಿಸಿ ಮುಚ್ಚಿದಳು. ಮುಚ್ಚಿ, ಒಂದಷ್ಟು ಹೊತ್ತು ಬಿಟ್ಟು ಮತ್ತೆ ತೆಗೆದು ಮುಚ್ಚಳ ಸವರಿದಳು. ಬೆರಳು ಒದ್ದೆಯಾಗಲಿಲ್ಲ. ಟವೆಲ್ಲಿನ ತುಂಡನ್ನು ಮೂಲೆಗೆಸೆದಳು.

ವ್ಯಾನು ಬಂದಾಗ ಎಲ್ಲ ಮಕ್ಕಳ ಬ್ಯಾಗೂ ಡ್ರೈವರ್ ಪಕ್ಕ, ಇಂಜಿನ್ನಿನ ಮೇಲಿನ ಹಲಗೆಯಲ್ಲಿ ರಾಶಿಯಾಗಿರುವುದು ಅವಳ ಕಣ್ಣಿಗೆ ಬಿತ್ತು. ದಿನಾ ಕಾಣುತ್ತಿದ್ದದ್ದೇ. ಇವತ್ತು ಕೈ ಚಾಚಿ ಹಲಗೆ ಮುಟ್ಟಿದಳು.

"ಇದೇನಪ್ಪ, ರೊಟ್ಟಿ ಹಂಚು ಕಾದಂಗ್ ಕಾಯ್ತಾ ಐತೆ!"

"ಇಂಜಿನ್ ಅಲ್ವಾ ಅಜ್ಜಿ, ತಣ್ಗಿರೋಕೆ ಅದೇನು ಫ್ರಿಜ್ಜಾ?"

"ನಮ್ ಕೂಸಿನ್ ಬ್ಯಾಗ ಹಿಂದ್ಗಡೆ ನೆಳ್ಳಿಗಿಡು."

"ಇವತ್ತೂ ಒದ್ದೆ ಐತಾ?"

"ಒಣಗೈತೆ, ಮುಟ್ಟಿ ನೋಡು."

ಮುಜಾಮಿಲ್ ನಿಜವಾಗಿಯೂ ಮುಟ್ಟಿ ನೋಡಿ, ತನ್ನ ಸೀಟಿನ ಹಿಂದಕ್ಕೆ ಇಟ್ಟ. ಇನ್ನೆರಡು ಬ್ಯಾಗನ್ನೂ ಅಲ್ಲಿಗೇ ತಳ್ಳಿದ.

ಆ ದಿನವೆಲ್ಲ ಕೆಂಚಮ್ಮ ಹುಳದ ಮನೆ ಬಿಟ್ಟು ಕದಲಲಿಲ್ಲ. ಸ್ಟ್ಯಾಂಡಿಂದ ಸ್ಟ್ಯಾಂಡಿಗೆ ಬಗ್ಗಿ ನೋಡಿದಳು. ಹುಳ ತಿನ್ನುತ್ತಿದ್ದವು. ಒಂದು ಮೂಲೆಯಲ್ಲಿ ಕೆಲವು ಮಂಕಾಗಿದ್ದ ಹಾಗೆ ಕಂಡವು. ಒಗ್ಗರಣೆಗೋ, ಕಾವು ಹಿಡಿದ ಸೊಪ್ಪು ಒಂದೆರಡು ಕಡ್ಡಿ ಸೇರಿಹೋಗಿದ್ದಕ್ಕೋ, ಸುಮ್ಮನೆ ತನ್ನ ಕಣ್ಣಿಗೋ ಎಂದು ಅವಳಿಗೆ ತಿಳಿಯಲಿಲ್ಲ. ಅವನ್ನು ಹೆಕ್ಕಿ ಬೇರೆ ಇಟ್ಟಳು.

ಮಧ್ಯಾಹ್ನ ಹಂಸಿಕಾ ನಿದ್ದೆಗಣ್ಣಲ್ಲೇ ಇಳಿದಳು. ಬ್ಯಾಗು ಹಗುರವಾಗಿತ್ತು. ಕೆಂಚಮ್ಮ ಮನೆಯವರೆಗೂ ತಡೆದುಕೊಂಡು, ಜಗಲಿ ಮೇಲೆ ಕೂತು ಡಬ್ಬಿ ತೆಗೆದಳು. ಕರಿಬೇವಿನ ಎಲೆಗಳನ್ನು ಒಂದು ಕಡೆ ಸಾಲಾಗಿ ಜೋಡಿಸಿದ್ದಳು ಮಗು; ಇನ್ನೇನೂ ಇರಲಿಲ್ಲ.

"ನೀನೇ ತಿಂದ್ಯಾ? ಯಾರ್ಗಾರ ಕೊಟ್ಯಾ?"

"ಆಫ್ತಾಬ್‌ಗೆ ಒಂದ್ ಸ್ಪೂನ್ ಕೊಟ್ಟೆ. ಅವ್ನು ಇನ್ನೂ ಕೊಡು ಅಂದ. ಕೊಡ್ನಿಲ್ಲ."

ಸಂಜೆ ಭಾನುಪ್ರಿಯ ಬಂದು ಮಗುವನ್ನು ಏನೂ ಕೇಳಲಿಲ್ಲ. ತೊಳೆದಿಟ್ಟಿದ್ದ ಡಬ್ಬಿ ಎತ್ತಿ ಮೂಸಿದಳು. "ಒಗ್ಗರ್ಣೆ ವಾಸನೆ ಬತ್ತಾ ಐತಲ್ಲ."

"ಚಿತ್ರಾನ್ನ ಮಾಡಿದ್ದೆ. ಬೇಲಿ ತಾವ."

"ಹುಳ?"

"ಗೂಡು ಕಟ್ಟಿದ್ ಮ್ಯಾಲೆ ಗೊತ್ತಾಯ್ತದೆ." ಕೆಂಚಮ್ಮ ಮೊರದಲ್ಲಿದ್ದ ಅಕ್ಕಿಯ ಕಲ್ಲು ಆರಿಸುತ್ತಲೇ ಹೇಳಿದಳು. "ಬಿಸಿಬಿಸೀದು ಮುಚ್ಬಾರ್ದಾಗಿತ್ತು ಕಣಮ್ಮಿ. ಸೊಪ್ಪು ಕಾವು ಹಿಡ್ದಂಗೆ ಹಿಡ್ಕಬುಡ್ತಿತ್ತು." ಸಿಕ್ಕ ಕಲ್ಲನ್ನು ಆಚೆ ಎಸೆದು ಕೇಳಿದಳು: "ನಿನ್ ಡಬ್ಬೀಗೂ ಅದ್ನೇ ತುಂಬ್ತಿದ್ನಲ್ಲ. ನಿಂದು ಎಂಗಿರ್ತಿತ್ತು?"

ಭಾನುಪ್ರಿಯ ಸೆರಗಿನ ಪಿನ್ನು ಬಿಚ್ಚುತ್ತಿದ್ದಳು.

"ಅಂಗೇ ಇರ್ತಿತ್ತು. ಊಟಕ್ಕೆ ಬುಡೋದೇ ಒಸಿ ಹೊತ್ತು. ತಿನ್ಕಂಡ್ಬುಡ್ತಿದ್ದೆ."

"ಇವತ್ತೂ?"

"ಇವತ್ತೂ."

ಕೆಂಚಮ್ಮ ಮೊರವನ್ನು ಕೆಳಗಿಟ್ಟಳು. "ಹೇಳ್ಬಾರ್ದೇನೆ?"

"ಹುಳದ್ ಕಾಲ, ನೀವೂ ನಿದ್ದೆಗೆಡ್ತಿದ್ರಿ. ದೊಡ್ಡೋರ್ ಹೊಟ್ಟೆ ತಡ್ಕಂತದೆ ಅಂತ ಸುಮ್ಕಿದ್ದೆ."

ಶನಿವಾರ ಸ್ಕೂಲಿಗೆ ಬಣ್ಣದ ಬಟ್ಟೆ. ಬೆಳಿಗ್ಗೆ ಭಾನುಪ್ರಿಯ ನೀಲಿ ಬ್ಯಾಗಿನ ಜಿಪ್ಪೆಳೆದು ಹಳದಿ ಫ್ರಾಕು ಹುಡುಕಿದಳು. ಅದು ತಳದಲ್ಲಿತ್ತು, ಸಿಗಬೇಕಾದರೆ ಎಲ್ಲವನ್ನೂ ಹೊರಗೆ ಹಾಕಬೇಕಾಯಿತು. ಫ್ರಾಕು ಸಿಕ್ಕ ಮೇಲೆ ಉಳಿದ ಬಟ್ಟೆಗಳನ್ನು ಮಡಚಿ ಬೀರುವಿನೊಳಗಿಟ್ಟಳು. ಖಾಲಿ ಬ್ಯಾಗನ್ನು ಬೀರುವಿನ ಮೇಲಕ್ಕೆ ಎಸೆದಳು.

ಅಷ್ಟರಲ್ಲಿ ಹಿತ್ತಲಿಂದ ಕೆಂಚಮ್ಮನ ದನಿ ಬಂತು. "ಬಸ್ಸಿಗೆ ಇನ್ನೂ ಒಸಿ ಹೊತ್ತೈತಾ ನೋಡು ಭಾನು. ಅನ್ನ ಇನ್ನೂ ಆರ್ನಿಲ್ಲ."

ಬೇಲಿಯ ಹತ್ತಿರ, ಊಜಿ ಬಲೆಯ ಕೆಳಗೆ, ಎರಡು ತಟ್ಟೆಯಲ್ಲಿ ಅನ್ನ ಹರಡಿತ್ತು.