ತಲೆ ಒರೆಸಿಕೊಂಡ ವಿಮಾನ

ಕ್ರಿಸ್ತಜಯಂತಿಗೆ ಬಣ್ಣದ ಕಾಗದದ ನಕ್ಷತ್ರವನ್ನು ಚಕ್ರದಂತೆ ತಿರುಗಿಸುತ್ತ, ಹಾಡುತ್ತ ಮನೆಮನೆಗೆ ಹೋಗುವ ದಿನಗಳಲ್ಲಿ, ಅಲಾಸ್ಕಾದ ನಮ್ಮ ನದಿಯ ದಂಡೆಯವರಿಗೆ ಚಳಿ ಲೆಕ್ಕಕ್ಕಿಲ್ಲ. ನಮ್ಮೂರಿನ ಸರದಿ ಮುಗಿದಿತ್ತು, ಇನ್ನು ನದಿಯ ಕೆಳಗಿನೂರು. ಅಲ್ಲಿ, ನಮ್ಮ ನಕ್ಷತ್ರ ಹಿಡಿಯುವ ಮುದುಕಿ ನಸ್ತಾಸಿಯಾಳ ತಂಗಿ ಒಲಿಂಕಾ ಹಾಸಿಗೆ ಹಿಡಿದಿದ್ದಳು. ನಕ್ಷತ್ರ ತಿರುಗುವುದನ್ನು ಇನ್ನೊಮ್ಮೆ ಕಣ್ತುಂಬ ನೋಡುವುದೊಂದೇ ಅವಳ ಆಸೆ. ಕತ್ತಲಾದರೆ ಅಲ್ಲಿ ವಿಮಾನ ಇಳಿಯದು, ನಾಳೆಗೆ ಬಿರುಗಾಳಿ.

ವಿಮಾನ ಓಡಿಸುವವನು ಒಲಿಂಕಾಳ ಮಗ ವಸ್ಸಿಲಿ. ನಕ್ಷತ್ರ ಹೊರುವ ವಿಮಾನ ಚಳಿಗೆ ನಡುಗಬಾರದೆಂದು ಅದನ್ನು ಒಲೆ ಉರಿಯುವ ಕೊಟ್ಟಿಗೆಯಲ್ಲಿ ಇರಿಸಿದ್ದ. ಸುರಿಯುವ ಹಿಮದಲ್ಲೇ ಹೊರಗೆಳೆದು, ಕಸಬರಿಗೆಯಿಂದ ಗುಡಿಸಿದ. ರೆಕ್ಕೆ ಥಳಥಳ ಹೊಳೆಯಿತು. ಹಾಡುವವರು ಹತ್ತಿ ಕೂತರು.

ಅವನ ಸೋದರಮಾವನ ಮಗ ಮಾತ್ಫಿ ಸುಮ್ಮನಿರುತ್ತಾನೆಯೇ? ಕೆಣಕದ ಭಾವನನ್ನು ನಮ್ಮಲ್ಲಿ ಭಾವ ಎನ್ನುವುದಿಲ್ಲ.

"ಯೇಸುಸ್ವಾಮಿ ಹುಟ್ಟಿದ ಕೊಟ್ಟಿಗೇನೂ ಇಷ್ಟು ಬೆಚ್ಚಗಿರ್ಲಿಲ್ಲ ಭಾವ! ಹೋದ್ವರ್ಷ ನೀನು ಆವಿಸ್ನಾನ ಮಾಡಿ, ತಲೆ ಒರೆಸ್ಕೊಳ್ದೆ ಆಚೆ ಬಂದು, ಕೂದ್ಲೆಲ್ಲ ಹೆಪ್ಪುಗಟ್ಟಿ ಮುಳ್ಳುಹಂದಿ ಆಗಿದ್ಯಲ್ಲ, ನೆನಪಿದ್ಯಾ?"

ಎಲ್ಲರೂ ನಕ್ಕರು. ವಸ್ಸಿಲಿಯೂ ನಕ್ಕ. ನಗು ಅರ್ಧಕ್ಕೇ ನಿಂತಿತು. ಕೈಗವಸು ಕಳಚಿ ರೆಕ್ಕೆ ಸವರಿದ. ಬಿಸಿ ರೆಕ್ಕೆಯ ಮೇಲೆ ಬಿದ್ದ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಅಂಗೈಯಡಿ ಗಾಜಿನಂತೆ ಜಾರಿತು.

"ಎಲ್ಲಾರೂ ಇಳೀರಿ."

"ಅಯ್ಯೋ, ಈ ನೋಯೋ ಮೊಣಕಾಲಲ್ಲಿ ಈಗಷ್ಟೇ ಹತ್ತಿದ್ನಲ್ಲೋ!" ಎಂದಳು ನಸ್ತಾಸಿಯಾ.

"ದೊಡ್ಡಮ್ಮಾ, ರೆಕ್ಕೆ ತುಂಬ ಮಂಜುಗಡ್ಡೆ. ಇದನ್ನ ಹೊತ್ಕೊಂಡು ಮೇಲೇಳಲ್ಲ. ನನ್ನದೇ ತಪ್ಪು. ಹೊತ್ತು ಬೇರೆ ಇಳೀತಿದೆ."

ಅವಳು ಮಡಿಲಿನ ನಕ್ಷತ್ರವನ್ನು ನೋಡಿದಳು. "ನಕ್ಷತ್ರ ನೋಡ್ಕೊಂಡು ಯೇಸುಕೂಸನ್ನ ಹುಡುಕಿ ಹೊರಟ ಆ ಜ್ಞಾನಿಗಳೂ ತಡವಾಗೇ ಹೋದ್ರು ಕಣೋ. ಆದ್ರೆ ಹೋಗಿ ಮುಟ್ಟಿದ್ರು. ನಡಿ, ಬಟ್ಟೆ ಕೊಡು."

ವಿಮಾನ ಮತ್ತೆ ಒಳಗೆ ಹೋಯಿತು. ಮಂಜು ಕರಗಿತು. ಹೆಂಗಸರು ಸ್ತೋತ್ರ ಹಾಡುತ್ತಲೇ ರೆಕ್ಕೆಯನ್ನು ಹನಿ ಉಳಿಯದಂತೆ ಒರೆಸಿದರು. ವಸ್ಸಿಲಿ ಒಲೆ ಆರಿಸಿ ಬಾಗಿಲುಗಳನ್ನೆಲ್ಲ ತೆರೆದ. ರೆಕ್ಕೆ ಹೊರಗಿನಷ್ಟೇ ತಣ್ಣಗಾಗುವವರೆಗೂ ಕಾಯಬೇಕಲ್ಲ. ಆ ಕಾಯುವಿಕೆಯೂ ಪ್ರಾರ್ಥನೆಯಂತೆಯೇ ಇತ್ತು. ಆಮೇಲೆ ಹೊರಗೆಳೆದಾಗ ಹಿಮ ಹಿಟ್ಟಿನಂತೆ ಬಿದ್ದು ಹಿಟ್ಟಿನಂತೆಯೇ ಉದುರಿತು. ಗುಡಿಸಿ, ಬರಿಗೈಯಲ್ಲಿ ತುದಿಯಿಂದ ತುದಿಗೆ ಸವರಿ, ವಸ್ಸಿಲಿ ಶಿಲುಬೆಯ ಗುರುತು ಹಾಕಿಕೊಂಡ.

ಕೆಳಗಿನೂರಲ್ಲಿ ಇಳಿದಾಗ ಬೆಳಕು ಒಂದು ಗೆರೆಯಷ್ಟೇ ಉಳಿದಿತ್ತು. ಒಲಿಂಕಾ ದಿಂಬಿಗೊರಗಿ ಬಾಗಿಲನ್ನೇ ನೋಡುತ್ತಿದ್ದಳು.

"ಇಷ್ಟು ಹೊತ್ತು ಎಲ್ಲಿ ಸತ್ತಿದ್ರೋ?"

"ವಿಮಾನಕ್ಕೆ ತಲೆ ಒರೆಸ್ತಿದ್ವಿ ಅತ್ತೆ," ಎಂದ ಮಾತ್ಫಿ.

ಅವಳು ಕೆಮ್ಮು ಬರುವಷ್ಟು ನಕ್ಕಳು. ಆ ನಗುವಿನ ನಡುವೆಯೇ ನಕ್ಷತ್ರ ತಿರುಗತೊಡಗಿತು.